ಲಾನಿ ನಿಂತ ಜಾಗ

ರೆಕಾರ್ಡು ಹಾಡಿಸುವ ಹೊಸ ಮುಳ್ಳು ನೆಟ್ಟಗೆ ಕೂತಿತ್ತು. ವಿನಾರ್ಸೊ ಟರ್ನ್‌ಟೇಬಲ್ಲಿನ ಮೇಲೆ ಅಂಗೈಯಗಲದ ಕನ್ನಡಿಯನ್ನಿಟ್ಟು, ಅದರ ಮೇಲೆ ಮುಳ್ಳನ್ನು ಇಳಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದ. ಮುಳ್ಳೂ ಅದರ ಬಿಂಬವೂ ಸೇರಿ ಒಂದೇ ನೇರ ಗೆರೆಯಾಗಿ ಕಂಡವು. ಅಳತೆಪಟ್ಟಿ ಸರಿ ಅಂದಿತು, ಮುಳ್ಳಿನ ಭಾರ ತೂಗುವ ಪುಟಾಣಿ ತಕ್ಕಡಿಯೂ ಸರಿ ಅಂದಿತು. ಇನ್ನು ಕಿವಿಯೊಂದು ಸರಿ ಅನ್ನಬೇಕಿತ್ತು.

ಅವನ ಬಲಗಿವಿ ಹೋಗಿತ್ತು. ಮಂದವಾದದ್ದಲ್ಲ, ಪೂರಾ ಹೋಗಿತ್ತು. ಉಪವಾಸದ ತಿಂಗಳು ಮುಗಿಸುವ ಲೆಬರಾನ್ ಹಬ್ಬ ಕಳೆದ ಮೇಲೆ ಬಂದ ಜ್ವರ ಬಿಟ್ಟ ಬೆಳಿಗ್ಗೆ ಎದ್ದು ನೋಡಿದರೆ ಆ ಬದಿಗೆ ಲೋಕವೇ ಇಲ್ಲ, ಬರೀ ಗುಂಯ್ ಅನ್ನುವ ಸದ್ದು. ಇವತ್ತು ಬಿಟ್ಟೀತು, ನಾಳೆ ಬಿಟ್ಟೀತು ಎಂದು ಬೆಚ್ಚಗಿನ ಎಣ್ಣೆ ಬಿಟ್ಟುಕೊಂಡು ಕಾದ. ಕೊನೆಗೆ ಬೈಕು ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಸುಳ್ಳು ಹೇಳಿ, ಬಸ್ಸು ಹತ್ತಿ ಪಕ್ಕದ ಊರಿನ ಡಾಕ್ಟರ ಹತ್ತಿರ ಹೋದ. ಹಿರಿಯ ಗಂಡಸರನ್ನು ಕರೆಯುವ ಹಾಗೆ "ಪಾಕ್" ಎಂದು ಕರೆದು, "ನರ ಸತ್ತಿದೆ ಪಾಕ್. ಆಗಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು. ಇನ್ನೊಂದನ್ನಾದ್ರೂ ಜೋಪಾನ ಮಾಡ್ಕೊಳ್ಳಿ" ಎಂದರು ಡಾಕ್ಟರು. ಆ ಇನ್ನೊಂದರ ಮಾತು ಎದೆಯೊಳಗೆ ಹೊಕ್ಕು ಕೂತುಬಿಟ್ಟಿತು. ಅಂದಿನಿಂದ ವಿನಾರ್ಸೊ ದಿನಾ ಬೆಳಿಗ್ಗೆ ಕಣ್ಣು ಬಿಡುವ ಮುಂಚೆ ಎಡಗಿವಿಯ ಹತ್ತಿರ ಬೆರಳು ಉಜ್ಜುತ್ತಿದ್ದ. ಸರಸರ ಅಂದರೆ ಮಾತ್ರ ಹಾಸಿಗೆಯಿಂದ ಏಳುತ್ತಿದ್ದ.

ಬೇರೆ ಯಾರಿಗಾದರೂ ಒಂದು ಕಿವಿ ಹೋದರೆ ಊರು ಅಯ್ಯೋ ಪಾಪ ಎಂದು ಸುಮ್ಮನಾಗುತ್ತದೆ. ವಿನಾರ್ಸೊನದು ಹಾಗಲ್ಲ. ಸೋಲೊ ಊರಿನಲ್ಲಿ, ಲವೆಯನ್ ಓಣಿಯ ಎತ್ತರದ ಗೋಡೆಗಳ ನಡುವೆ ಅವನ ಮನೆ. ಹಿಂದೆ ಬಾತಿಕ್ ಬಟ್ಟೆಗೆ ಮೇಣ ಬರೆಯುತ್ತಿದ್ದ ಅದರ ಹಿಂಗೋಣೆಗೆ ಈಗ ಭಾನುವಾರ ಮಧ್ಯಾಹ್ನ ಜನ ಹಳೆಯ ರೆಕಾರ್ಡು ಕೇಳಲು ಬರುತ್ತಾರೆ. ಸೆಮಾರಂಗ್‌ನಿಂದ ಟರ್ನ್‌ಟೇಬಲ್ಲನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದು, "ಪಾಕ್, ಇದಕ್ಕೇನೋ ಆಗಿದೆ, ಸ್ವಲ್ಪ ಕೇಳಿ ಹೇಳಿ" ಅಂದವರೂ ಉಂಟು. ರೇಡಿಯೊ ಕೇಂದ್ರದ ಕೆಲಸದಿಂದ ನಿವೃತ್ತನಾದ ಮೇಲೆ ವಿನಾರ್ಸೊ ಅಂದರೆ ಆ ಕಿವಿಗಳೇ ಆಗಿದ್ದವು. ಅವು ಹೋದರೆ ಉಳಿಯುವವನು ಬೆಳಗಿನ ಹೊತ್ತು ಓಣಿಯಲ್ಲಿ ಹಕ್ಕಿಯ ಪಂಜರ ತೊಳೆಯುತ್ತ ಕೂರುವ ಒಬ್ಬ ಮುದುಕ, ಅಷ್ಟೇ. ಅಂಥವರು ಓಣಿಯಲ್ಲಿ ಬೇಕಾದಷ್ಟಿದ್ದರು.

ಆ ಕೋಣೆಗೊಂದು ಕಟ್ಟಳೆ ಇತ್ತು. ಮುಳ್ಳು ಇಳಿದ ಮೇಲೆ ರೆಕಾರ್ಡಿನ ಆ ಬದಿ ಮುಗಿಯುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ವಿನಾರ್ಸೊನಿಗೆ ಮಾತ್ರ ಒಂದು ಮಾತಿಗೆ ಅಪ್ಪಣೆ. ಅವನು ಕಣ್ಣು ಮುಚ್ಚಿ ಮೊದಲ ಸಾಲು ಕೇಳಿ, "ಬಂದಳು" ಅನ್ನುತ್ತಿದ್ದ. ಹಾಡುವವನು ಗಂಡಸಾದರೆ "ಬಂದ". ಆಮೇಲೆ ಎಲ್ಲರೂ ಕುರ್ಚಿಗೆ ಒರಗುತ್ತಿದ್ದರು.

ಕೇಳದವರಿಗೆ ಇದು ಹುಚ್ಚು ಅನ್ನಿಸೀತು. ಆದರೆ ಒಳ್ಳೆಯ ಟರ್ನ್‌ಟೇಬಲ್ಲಿನ ಮೇಲೆ, ಕೂದಲೆಳೆಯಷ್ಟೂ ತಪ್ಪದೆ ಕೂತ ಮುಳ್ಳು ಒಳ್ಳೆಯ ರೆಕಾರ್ಡಿನ ಗೆರೆಯೊಳಗೆ ಓಡತೊಡಗಿದರೆ ಎದುರಿನ ಎರಡು ಸ್ಪೀಕರುಗಳು ಇಲ್ಲವಾಗಿಬಿಡುತ್ತವೆ. ಖಾಲಿ ಗಾಳಿಯಲ್ಲಿ, ಇಂಥದ್ದೇ ಜಾಗದಲ್ಲಿ, ಒಬ್ಬಳು ಬಂದು ನಿಲ್ಲುತ್ತಾಳೆ. ಅವಳು ಉಸಿರೆಳೆದದ್ದು ತಿಳಿಯುತ್ತದೆ, ಸಾಲು ಮುಗಿಸಿ ಮುಖ ತಿರುಗಿಸಿದ್ದು ತಿಳಿಯುತ್ತದೆ. ಎದ್ದು ಹೋಗಿ ಇಲ್ಲಿದ್ದಾಳೆ ಎಂದು ಬೆರಳಿಟ್ಟು ತೋರಿಸಬಹುದು. ಆದರೆ ಅದಕ್ಕೆ ಎರಡು ಕಿವಿ ಬೇಕು. ಒಂದೇ ಕಿವಿಗೆ ಎಲ್ಲ ಸದ್ದೂ ಒಂದೇ ಗೂಟಕ್ಕೆ ಸಿಕ್ಕಿಸಿದ ಬಟ್ಟೆಗಳ ಹಾಗೆ ಎಡಗೋಡೆಗೆ ಜೋತುಬೀಳುತ್ತದೆ. ಹಬ್ಬ ಕಳೆದಾಗಿನಿಂದ ವಿನಾರ್ಸೊನ ಕೋಣೆಗೆ ಯಾರೂ ಬಂದಿರಲಿಲ್ಲ. ಆದರೂ ಪ್ರತಿ ಭಾನುವಾರ ಅವನು "ಬಂದಳು" ಅನ್ನುತ್ತಲೇ ಇದ್ದ.

ಹೇಗೋ ಸಾಗುತ್ತಿತ್ತು, ಹಳೆಯ ಮುಳ್ಳು ಇದ್ದಿದ್ದರೆ. ಅದನ್ನು ಹಾಳು ಮಾಡಿದ್ದೂ ಅವನೇ. ಒಂದು ಮಧ್ಯಾಹ್ನ ರೆಕಾರ್ಡು ಹಚ್ಚಿ, ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ, ಕುರ್ಚಿಯಲ್ಲೇ ನಿದ್ದೆ ಹೋದ. ಹಾಡು ಮುಗಿದರೂ ಮುಳ್ಳು ಕೊನೆಯ ಗೆರೆಯಲ್ಲಿ ಟಕ್ ಟಕ್ ಎಂದು ಸುತ್ತುತ್ತಲೇ ಇತ್ತು. ಅಡುಗೆಮನೆಯಿಂದ ಹೆಂಡತಿ ರುಮಿನಿ ಬಂದು ಭುಜ ಅಲ್ಲಾಡಿಸಿದಳು. "ಏನು ಪಾಕ್, ಇಷ್ಟು ಹೊತ್ತಿಂದ ಹಲ್ಲಿ ಲೊಚಗುಟ್ಟೋ ಹಾಗೆ ಹೊಡ್ಕೋತಾ ಇದೆ, ಕೇಳಲ್ವಾ?" ಅವನು ಧಡಕ್ಕನೆ ಎದ್ದು ಕೈ ಚಾಚಿದ ರಭಸಕ್ಕೆ ಮುಳ್ಳು ಬಾಗಿತು. ಇನ್ನೊಬ್ಬರು ಹೀಗೆ ಮಾಡಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದ.

ಜಕಾರ್ತಾದಿಂದ ಹೊಸ ಮುಳ್ಳು ತರಿಸಿಕೊಟ್ಟವನು ಲಿಯೊಂಗ್. ದೊಡ್ಡ ಬೀದಿಯಲ್ಲಿ ಬಟ್ಟೆಯಂಗಡಿ ಇಟ್ಟವನು, ವಿನಾರ್ಸೊನಿಗಿಂತ ಸ್ವಲ್ಪ ಹಿರಿಯ. ಚೀನೀ ಮನೆತನದವನಾದ್ದರಿಂದ ಎಲ್ಲರ ಬಾಯಲ್ಲೂ "ಕೊಹ್", ಅಂದರೆ ಅಣ್ಣ. ಮುಳ್ಳು ಕೊಡಲು ಬಂದ ದಿನ ಇಬ್ಬರೂ ಓಣಿಯಲ್ಲಿ ಮಾತಾಡುತ್ತ ನಡೆಯುತ್ತಿದ್ದಾಗ ಹಿಂದಿನಿಂದ ಮೋಟರ್‌ಬೈಕು ಹಾರನ್ ಹೊಡೆಯಿತು. ಯಾವ ಕಡೆಯಿಂದ ಎಂದು ವಿನಾರ್ಸೊನಿಗೆ ತಿಳಿಯಲಿಲ್ಲ. ಗಾಬರಿಯಲ್ಲಿ ಬೈಕಿನ ದಾರಿಗೇ ಸರಿದ. ಲಿಯೊಂಗ್ ರಟ್ಟೆ ಹಿಡಿದು ಎಳೆದ.

"ಮೈಮೇಲೆ ಪ್ರಜ್ಞೆ ಇಲ್ವೇನೋ ವಿನ್? ಮುಳ್ಳು ತಂದುಕೊಟ್ಟ ದಿನವೇ ಸಾಯ್ತೀಯಾ?"

"ಏನೋ ಯೋಚನೆ ಮಾಡ್ತಿದ್ದೆ, ಕೊಹ್."

"ಯೋಚನೆ ಮಾಡೋರು ಮನೇಲಿ ಕೂತ್ಕೋಬೇಕು" ಎಂದು ಬೈದ ಲಿಯೊಂಗ್, ಸುತ್ತು ಹಾಕಿ ಅವನ ಬಲಗಡೆಗೆ ಬಂದು ನಡೆದ. ಆಮೇಲೆ, "ಭಾನುವಾರ ಲಾನಿಯ ದಿನ. ಮರೀಬೇಡ" ಎಂದ.

ಮರೆಯುವುದೆಲ್ಲಿ ಬಂತು, ವಿನಾರ್ಸೊನಿಗೆ ಆ ಭಾನುವಾರ ನೆನೆದರೇ ಜೀವ ಬಾಯಿಗೆ ಬರುತ್ತಿತ್ತು.

ಲಾನಿ ಲಿಯೊಂಗನ ಹೆಂಡತಿ. ಪ್ರಾಯದಲ್ಲಿ ಕ್ರೊಂಚೊಂಗ್ ಎಂಬ ಹಳೆಯ ಧಾಟಿಯ ಹಾಡು ಹಾಡುತ್ತಿದ್ದಳು, ಲಿಯೊಂಗ್ ಪಕ್ಕದಲ್ಲಿ ಕೂತು ದೊಡ್ಡ ಪಿಟೀಲಿನಂಥ ಚೆಲ್ಲೊ ಮೀಟುತ್ತಿದ್ದ. ಇಬ್ಬರೂ ಸೇರಿ ಒಂದೇ ಒಂದು ರೆಕಾರ್ಡು ಮಾಡಿದರು. ಆಗ ಅದನ್ನು ಕೊಂಡವರು ಕಡಿಮೆ, ಈಗ ಉಳಿದಿರುವುದು ಲಿಯೊಂಗನ ಕಪಾಟಿನ ಒಂದು ಪ್ರತಿ. ಅದರಲ್ಲಿ ಎಡಕ್ಕೆ ಲಾನಿ, ಬಲಕ್ಕೆ ಚೆಲ್ಲೊ. ಅಂಗಡಿಯ ಗಲ್ಲಾದಲ್ಲೂ ಅವಳು ಅವನ ಎಡಕ್ಕೇ ಕೂರುತ್ತಿದ್ದಳು, ಇಗರ್ಜಿಯಲ್ಲೂ ಎಡಕ್ಕೇ. ಅವಳು ತೀರಿಕೊಂಡ ಮೇಲೆ ವರ್ಷಕ್ಕೊಮ್ಮೆ, ಅವಳ ದಿನದಂದು ಮಾತ್ರ, ಆ ರೆಕಾರ್ಡು ವಿನಾರ್ಸೊನ ಮನೆಗೆ ಬರುತ್ತದೆ. ಕೇಳಿದಷ್ಟೂ ಸವೆಯುತ್ತದಲ್ಲ, ಅದಕ್ಕೆ ಒಮ್ಮೆಯೇ. ಮಗಳು ಆ ಹಾಡುಗಳನ್ನು ಅಪ್ಪನ ಫೋನಿಗೆ ಹಾಕಿಕೊಟ್ಟಿದ್ದಾಳೆ. ಲಿಯೊಂಗ್ ಒಂದು ಸಲ ಕೇಳಿ ಫೋನು ಬದಿಗಿಟ್ಟಿದ್ದ. "ಹಾಡೇನೋ ಇದೆ. ಇವಳಿಲ್ಲ" ಎಂದಿದ್ದ.

ವರ್ಷಕ್ಕೆ ಒಮ್ಮೆ ಗಂಡನ ಪಕ್ಕಕ್ಕೆ ಬಂದು ನಿಲ್ಲುವ ಹೆಂಗಸು. ಅವಳನ್ನು ಕರೆತರಬೇಕಾದವನಿಗೆ ಈಗ ಒಂದು ಕಿವಿ ಇಲ್ಲ, ಮುಳ್ಳು ಹೊಸದು, ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಹೇಳುವವರಿಲ್ಲ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಲಿಯೊಂಗನ ವಯಸ್ಸಿಗೆ ಒಂದು ವರ್ಷ ಅಂದರೆ ಸಣ್ಣ ಮಾತಲ್ಲ.

ಆ ಭಾನುವಾರ ಊಟ ಸೇರದೆ, ಯಾರೂ ಬರುವ ಮುಂಚೆಯೇ ವಿನಾರ್ಸೊ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಉಪಾಯ ಹೂಡಿದ. ತನ್ನದೇ ಒಂದು ರೆಕಾರ್ಡು ಹಚ್ಚಿ, ಎಡ ಸ್ಪೀಕರಿಗೆ ಎಡಗಿವಿ ಕೊಟ್ಟು ಕೂತ. ಮೊದಲು ಎಡದ ಸದ್ದು ಕೇಳಿದ. ಆಮೇಲೆ ಆಂಪ್ಲಿಫೈಯರನ್ನು ಗೋಡೆಯಿಂದ ಮುಂದಕ್ಕೆಳೆದು, ಹಿಂದಿನ ಕೆಂಪು ಬಿಳಿ ತಂತಿಗಳನ್ನು ಅದಲುಬದಲು ಮಾಡಿ, ಬಲದ ಸದ್ದನ್ನು ಅದೇ ಸ್ಪೀಕರಿನಲ್ಲಿ, ಅದೇ ಕಿವಿಯಲ್ಲಿ ಕೇಳಿದ. ಎರಡೂ ಸಮ ಇದ್ದರೆ ಮುಳ್ಳು ವಾಲಿಲ್ಲ ಎಂದರ್ಥ. ಎಲ್ಲೋ ಒಂದು ಎಳೆಯಷ್ಟು ಬಲ ಕಡಿಮೆ ಅನ್ನಿಸಿತು. ಮುಳ್ಳಿನ ತಿರುಪನ್ನು ಉಸಿರು ಬಿಗಿಹಿಡಿದು ತಿರುಗಿಸಿದ. ಮತ್ತೆ ತಂತಿ ಬದಲಿಸಿದ, ಮತ್ತೆ ಕೇಳಿದ. ಈಗ ಎಡ ಕಡಿಮೆಯೋ? ಇಲ್ಲ, ತನ್ನ ಭ್ರಮೆಯೋ? ಸೊಂಟ ನೋಯುವ ತನಕ ಹೀಗೆ ಬಗ್ಗಿ ಎದ್ದು, ಬಗ್ಗಿ ಎದ್ದು, ಕೊನೆಗೂ ಎರಡೂ ಒಂದೇ ಅನ್ನಿಸಿದ ಗಳಿಗೆಗೆ ಹೊರಗಿನಿಂದ ದನಿ ಬಂತು.

"ಪಾಕ್ ವಿನ್! ಬಾಗಿಲು ತೆಗೀರಿ, ಸೆರಬಿ ದೋಸೆ ತಂದಿದೀನಿ, ಬಿಸಿ ಇದೆ!"

ನಸ್ತಿತಿ. ರೇಡಿಯೊದಲ್ಲಿ ಸುದ್ದಿ ಓದುವ ಹುಡುಗಿ. ಇತ್ತೀಚೆಗೆ ಎಲ್ಲರಿಗಿಂತ ಮುಂಚೆ ಬರುವ ಅಭ್ಯಾಸ ಮಾಡಿಕೊಂಡಿದ್ದಳು. ಅವಳು ಒಳಗೆ ಬಂದು ಆಂಪ್ಲಿಫೈಯರು ತಿರುಗಿ ನಿಂತಿದ್ದನ್ನು ನೋಡಿದರೆ ಏನು ಹೇಳುವುದು? ವಿನಾರ್ಸೊ ಅದನ್ನು ಹಾಗೇ ಗೋಡೆಗೆ ತಳ್ಳಿ, ಕನ್ನಡಿ ಜೇಬಿಗೆ ಹಾಕಿಕೊಂಡು, ಹಣೆ ಒರೆಸಿಕೊಂಡು ಬಾಗಿಲು ತೆಗೆದ. ಕೆಂಪು ತಂತಿ ಬಿಳಿಯ ಜಾಗದಲ್ಲೇ ಉಳಿಯಿತು. ಎರಡು ಕಿವಿ ಇದ್ದ ಕಾಲದಲ್ಲಾಗಿದ್ದರೆ ಮೊದಲ ಸ್ವರಕ್ಕೇ ಅವನಿಗೆ ಅದು ಹೊಳೆಯುತ್ತಿತ್ತು.

"ಏನ್ ಪಾಕ್, ಬಾವಿ ತೋಡ್ತಿದ್ರಾ? ಹಿಂಗೆ ಬೆವತಿದೀರ."

"ಸೆಕೆ ಅಮ್ಮಾ."

"ಫ್ಯಾನ್ ತಿರುಗ್ತಿದೆಯಲ್ಲ" ಎಂದಳು ನಸ್ತಿತಿ. ಆದರೆ ಹೆಚ್ಚು ಕೆದಕಲಿಲ್ಲ.

ಲಾನಿಯ ದಿನ ಬೇರೆ ಯಾರೂ ಬರುವ ವಾಡಿಕೆ ಇರಲಿಲ್ಲ. ಲಿಯೊಂಗ್ ಹೊತ್ತಿಗೆ ಸರಿಯಾಗಿ ಬಂದ. ಇಸ್ತ್ರಿ ಮಾಡಿದ ಬಾತಿಕ್ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮದುವಣಿಗನ ಹಾಗೆ. ರೆಕಾರ್ಡನ್ನು ಲಾನಿಯ ಹಳೆಯ ಶಲ್ಯದಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದ. ರುಮಿನಿ ಬೆಲ್ಲದಂಥ ಕಪ್ಪು ಚಹಾ ತಂದಿಟ್ಟು, "ಈ ವರ್ಷ ಅಂಗಿ ಹೊಸದಾ ಕೊಹ್?" ಎಂದು ಕೇಳಿದಳು.

"ಹಳೇ ಅಂಗಿ ನೋಡಿದ್ರೆ ಅವಳು ಬೈತಾಳೆ, ಬು ರುಮಿನಿ. ಅಂಗಡಿ ತುಂಬ ಬಟ್ಟೆ ಇಟ್ಕೊಂಡು ನಿನಗೇನು ಬಂತು ದರಿದ್ರ ಅಂತಾಳೆ."

ಎಲ್ಲರೂ ನಕ್ಕರು. ಲಿಯೊಂಗ್ ನಡುವಿನ ಬೆತ್ತದ ಕುರ್ಚಿಯಲ್ಲಿ ಕೂತ, ನಸ್ತಿತಿ ಪಕ್ಕದಲ್ಲಿ, ರುಮಿನಿ ಬಾಗಿಲ ಬಳಿ. ಟರ್ನ್‌ಟೇಬಲ್ಲು ಸ್ಪೀಕರಿನ ನಡುಕ ತಾಗದಿರಲೆಂದು ಹಿಂದಿನ ಗೋಡೆಗಿತ್ತು, ಹಾಗಾಗಿ ವಿನಾರ್ಸೊ ಎಲ್ಲರ ಬೆನ್ನ ಹಿಂದೆ ನಿಂತಿದ್ದ. ಲಿಯೊಂಗ್ ವಾಡಿಕೆಯಂತೆ ಎಡಗೈಯನ್ನು ಕುರ್ಚಿಯ ಕೈ ಮೇಲೆ ಅಂಗಾತ ಬಿಚ್ಚಿಟ್ಟ. ಯಾರೋ ಬಂದು ಅದರಲ್ಲಿ ಕೈ ಇಡುತ್ತಾರೆ ಅನ್ನುವ ಹಾಗೆ.

ವಿನಾರ್ಸೊ ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಇರಿಸಿದ, ಬ್ರಷ್ಷಿನಿಂದ ಧೂಳು ತೆಗೆದ, ಮುಳ್ಳನ್ನು ಇಳಿಸಿದ. ಚಿಟಪಟ ಎರಡು ಸದ್ದು, ಕೊಳಲು, ಆಮೇಲೆ ಲಾನಿಯ ದನಿ. ಅವನ ಪಾಲಿಗೆ ಅದು ಎಡಗೋಡೆಯಿಂದ ಬಂತು, ಎಲ್ಲದರ ಹಾಗೆಯೇ. ಕೋಣೆ ಕಾಯುತ್ತಿತ್ತು.

"ಬಂದಳು" ಎಂದ ವಿನಾರ್ಸೊ.

ಲಿಯೊಂಗ್ ಒರಗಲಿಲ್ಲ. ಅವನ ಕತ್ತು ನಿಧಾನವಾಗಿ ಬಲಕ್ಕೆ ತಿರುಗಿತು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಬಿಚ್ಚಿಟ್ಟ ಎಡಗೈ ಮುಚ್ಚಿಕೊಂಡಿತು. ನಸ್ತಿತಿ ತಲೆ ತಗ್ಗಿಸಿದ್ದು ವಿನಾರ್ಸೊನಿಗೆ ಹಿಂದಿನಿಂದ ಕಂಡಿತು. ಏನೋ ಕೆಟ್ಟಿದೆ. ಏನು? ಮುಳ್ಳು ವಾಲಿದೆಯೇ? ದನಿ ಒಡೆಯುತ್ತಿದೆಯೇ? ಬಲಗಡೆ ಮುಳ್ಳು ಗೆರೆಯನ್ನು ಕೆರೆಯುತ್ತಿದ್ದು ತನಗೆ ಕೇಳಿಸುತ್ತಿಲ್ಲವೇ? ಇರುವ ಒಂದೇ ಪ್ರತಿಯನ್ನು ತಾನು ನಿಂತು ನೋಡುತ್ತಲೇ ಕೊಲ್ಲುತ್ತಿದ್ದೇನೆಯೇ? ಎತ್ತಿಬಿಡೋಣವೆಂದು ಕೈ ಮುಳ್ಳು ಹೊತ್ತ ತೋಳಿನ ತನಕ ಹೋಯಿತು. ಎತ್ತಿದರೆ ಏಕೆ ಎಂದು ಹೇಳಬೇಕು. ಕೈ ಅಲ್ಲೇ ನಿಂತಿತು.

ಆಗ ಲಿಯೊಂಗ್ ಎದ್ದ. ಸದ್ದಾಗದಂತೆ ಕುರ್ಚಿಯನ್ನು ಎತ್ತಿ, ಪೂರಾ ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತ. ಎಡಗೈಯನ್ನು ಮತ್ತೆ ಕುರ್ಚಿಯ ಕೈ ಮೇಲೆ ಬಿಚ್ಚಿಟ್ಟ. ವಿನಾರ್ಸೊನ ಮುಖವನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡ.

ನಸ್ತಿತಿಯೂ ಎದ್ದು ತನ್ನ ಕುರ್ಚಿ ತಿರುಗಿಸಿಕೊಂಡಳು.

ವಿನಾರ್ಸೊನಿಗೆ ಅರ್ಥವಾದದ್ದು ಆಗ. ತಂತಿ. ಎಡದ್ದು ಬಲಕ್ಕೆ ಹೋಗಿದೆ. ಲಾನಿ ಗಂಡನ ತಪ್ಪು ಬದಿಗೆ ಬಂದು ನಿಂತಿದ್ದಳು, ಅವನು ಬಾಯಿ ಬಿಡದೆ ತಾನೇ ತಿರುಗಿ ಅವಳನ್ನು ಎಡಕ್ಕೆ ತಂದುಕೊಂಡ. ಊರಿನ ಮಗು ಕೂಡ ಹಿಡಿಯಬಲ್ಲ ತಪ್ಪಿಗೆ ತಾನು ಕಣ್ಣು ಮುಚ್ಚಿ "ಬಂದಳು" ಅಂದಿದ್ದ. ಓಡಿಹೋಗೋಣ ಅನ್ನಿಸಿತು, ಆದರೆ ಮುಳ್ಳು ಓಡುತ್ತಿರುವಾಗ ಅದನ್ನು ಬಿಟ್ಟು ಹೋಗುವಂತಿಲ್ಲ, ಮಾತಾಡುವಂತಿಲ್ಲ. ಎದುರಿಗೆ ಇಬ್ಬರು, ಬಾಗಿಲಲ್ಲಿ ಒಬ್ಬಳು, ಎಲ್ಲರ ಮುಖವೂ ಇವನ ಕಡೆಗೇ. ತಾನೇ ಮಾಡಿದ ಕಟ್ಟಳೆಯೊಳಗೆ ಸಿಕ್ಕಿಬಿದ್ದು, ವಿನಾರ್ಸೊ ಆ ಬದಿ ಮುಗಿಯುವ ತನಕ ಕಟಕಟೆಯಲ್ಲಿ ನಿಂತವನ ಹಾಗೆ ನಿಂತ. ಲಾನಿ ಹಾಡುತ್ತಲೇ ಇದ್ದಳು. ಲಿಯೊಂಗನ ಮುಚ್ಚಿದ ಕಣ್ಣಿಂದ ನೀರು ಇಳಿಯಿತು, ಅವನು ಒರೆಸಿಕೊಳ್ಳಲಿಲ್ಲ.

ಬದಿ ಮುಗಿಯಿತು. ವಿನಾರ್ಸೊ ಮುಳ್ಳು ಎತ್ತಿದ. ಹೇಗೆ ಎತ್ತಿದನೋ ಅವನಿಗೇ ನೆನಪಿಲ್ಲ.

"ಯಾವ ಕಿವಿ?" ಎಂದು ಕೇಳಿದ ಲಿಯೊಂಗ್.

ವಿನಾರ್ಸೊ ಬಲಗಿವಿ ಮುಟ್ಟಿಕೊಂಡ. "ನಿನಗೆ ಹೇಗೆ..."

"ಓಣಿಯಲ್ಲಿ ಹಾರನ್ ಹೊಡೆದ್ರೆ ಹಾರನ್ ಕಡೆಗೇ ಹೋಗೋ ಮನುಷ್ಯನ್ನ ನಾನು ನೋಡಿರಲಿಲ್ಲ."

"ನನಗೆ ಅದಕ್ಕೂ ಮುಂಚೆ ಗೊತ್ತು" ಎಂದಳು ರುಮಿನಿ, ಬಾಗಿಲಿಂದಲೇ. "ಬೈಕು ರಿಪೇರಿಗೆ ಅಂತ ಹೋದೋರು ಬೈಕನ್ನ ಅಂಗಳದಲ್ಲೇ ಬಿಟ್ಟು ಹೋಗಿದ್ರಿ."

ನಸ್ತಿತಿಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು, "ಕ್ಷಮಿಸಿ ಪಾಕ್. ನೀವು ಬಲಗಡೆ ಸದ್ದು ಜಾಸ್ತಿ ಇಡ್ತಿದ್ರಿ. ನಾನು ಬೇಗ ಬಂದು, ನೀವು ಆ ಕಡೆ ಹೋದಾಗ ಸದ್ದಿನ ತಿರುಪನ್ನ ನಡುವಿಗೆ ತಂದಿಡ್ತಿದ್ದೆ" ಎಂದಳು.

"ಎಲ್ಲರಿಗೂ ಗೊತ್ತಿತ್ತು!" ವಿನಾರ್ಸೊನಿಗೆ ಈಗ ಸಿಟ್ಟು ಬಂತು, ನಾಚಿಕೆಗಿಂತ ಸಿಟ್ಟೇ ಹಗುರವಾಗಿತ್ತು. "ಗೊತ್ತಿದ್ದೂ ಒಬ್ಬರೂ ಬಾಯಿ ಬಿಡಲಿಲ್ಲ. ಪ್ರತಿ ವಾರ ನನ್ನನ್ನ ಕೋಡಂಗಿ ಮಾಡಿ ಕೂತಿದ್ರಾ?"

"ನೀನು ಬಿಟ್ಯಾ ಬಾಯಿ?" ಎಂದ ಲಿಯೊಂಗ್. "ನಿನಗೆ ಮುಚ್ಚಿಡೋ ಹಟ, ನಮಗೆ ಕೇಳೋಕೆ ದಾಕ್ಷಿಣ್ಯ. ನಾಲ್ಕು ಜನ ಸೇರಿ ನಾಟಕ ಆಡಿದ್ವಿ. ಸಾಕು ಬಿಡು."

ವಿನಾರ್ಸೊ ಟರ್ನ್‌ಟೇಬಲ್ಲಿನ ಅಂಚು ಹಿಡಿದುಕೊಂಡ. "ಕೊಹ್, ನಾನು ಬಂದಳು ಅಂದೆನಲ್ಲ, ಅದು ಸುಳ್ಳು. ನನಗೆ ಯಾರೂ ಬರಲಿಲ್ಲ. ಹಬ್ಬ ಆದಾಗಿಂದ ಯಾರೂ ಬಂದಿಲ್ಲ. ಒಂದು ವರ್ಷ ಕಾದು ಬಂದಿದ್ದೆ ನೀನು, ಅದನ್ನೂ ನಾನು ಹಾಳು ಮಾಡಿದೆ."

"ಏನು ಹಾಳಾಯ್ತು? ಅವಳು ಬಂದಿದ್ಲು, ನಾನು ಸ್ವಲ್ಪ ತಿರುಗಿ ಕೂತೆ. ಬದುಕಿದ್ದಾಗಲೂ ನಾನೇ ತಿರುಗ್ತಿದ್ದದ್ದು" ಎಂದ ಲಿಯೊಂಗ್. "ಮುಳ್ಳು ಚೆನ್ನಾಗಿ ಕೂತಿದೆ ವಿನ್. ಅವಳು ಉಗುಳು ನುಂಗಿದ್ದೂ ಕೇಳಿಸ್ತು. ಈಗ ತಂತಿ ಸರಿ ಮಾಡು. ಇನ್ನೊಂದು ಬದಿ ಇದೆ."

ವಿನಾರ್ಸೊ ಮಂಡಿಯೂರಿ ತಂತಿಗಳನ್ನು ಬದಲಿಸಿದ. ಎದ್ದು ನಸ್ತಿತಿಯ ಕಡೆ ತಿರುಗಿ, "ನೀನು ಇಡಮ್ಮ ಮುಳ್ಳು. ಇನ್ನು ಮೇಲೆ ನೀನೇ..." ಎನ್ನುತ್ತಿದ್ದಂತೆ ಲಿಯೊಂಗ್ ಗದರಿದ.

"ಮುಳ್ಳು ಇಡೋದು ಕೈ. ನಿನ್ನ ಕೈಗೇನಾಗಿದೆ?"

ಅವನೇ ಇಟ್ಟ. ಅಷ್ಟರಲ್ಲಿ ಲಿಯೊಂಗ್ ಕುರ್ಚಿಯನ್ನು ಮೊದಲಿನಂತೆ ತಿರುಗಿಸಿ, ತನ್ನ ಬಲಕ್ಕೆ ಇನ್ನೊಂದು ಕುರ್ಚಿ ಎಳೆದಿಟ್ಟಿದ್ದ. ವಿನಾರ್ಸೊ ಬಂದು ಅದರಲ್ಲಿ ಕೂತ. ಎಷ್ಟೋ ವರ್ಷಗಳ ಮೇಲೆ ಅವನು ಮುಂದಿನ ಸಾಲಿನಲ್ಲಿ ಕೂತದ್ದು. ಅವನ ಒಳ್ಳೆಯ ಕಿವಿ ಲಿಯೊಂಗನ ಬದಿಗಿತ್ತು. ಚೆಲ್ಲೊ ಶುರುವಾಯಿತು, ಆಮೇಲೆ ಲಾನಿ. ಎಲ್ಲರೂ ಆ ಒಂದು ಮಾತಿಗೆ ಕಾದರು. ವಿನಾರ್ಸೊ ಕಣ್ಣು ಮುಚ್ಚಲಿಲ್ಲ, ಮಾತೂ ಆಡಲಿಲ್ಲ. ಸುಳ್ಳು ಹೇಳುವ ಶಕ್ತಿ ಮುಗಿದಿತ್ತು.

ಲಿಯೊಂಗ್ ಅವನ ಕಡೆಗೆ ಬಾಗಿ, ಎಡಗಿವಿಯಲ್ಲಿ ಮೆಲ್ಲಗೆ, "ಬಂದಳು" ಎಂದ. ಆಮೇಲೆ ವಿನಾರ್ಸೊನ ಕೈ ಹಿಡಿದು, ತೋರುಬೆರಳನ್ನು ಬಿಡಿಸಿ, ಎಡಗಡೆಯ ಖಾಲಿ ಗಾಳಿಗೆ ನೆಟ್ಟ. "ಅಗೋ, ಅಲ್ಲಿ. ಇನ್ನೂ ಒಂಚೂರು ಮೇಲೆ."

ವಿನಾರ್ಸೊ ಬೆರಳನ್ನು ಒಂಚೂರು ಮೇಲೆತ್ತಿ, ಅದರ ತುದಿಯ ಆಚೆಯ ಜಾಗವನ್ನೇ ನೋಡುತ್ತ ಕೂತ. ಆ ಬದಿ ಮುಗಿಯುವ ತನಕ ಯಾರೂ ತುಟಿ ಬಿಚ್ಚಲಿಲ್ಲ.